ದುರುಗುಟ್ಟಿ ನೋಡದ ಊರು

ಬಸ್ಸಿನಲ್ಲಿ ನಿಮ್ಮೆದುರಿನ ಸೀಟಿಗೆ ಸುಟ್ಟ ಮುಖದವರೊಬ್ಬರು ಬಂದು ಕೂತರು ಅಂತಿಟ್ಟುಕೊಳ್ಳಿ. ನೀವೇನು ಮಾಡ್ತೀರಿ? ನಮ್ಮಲ್ಲಿ ಅರ್ಧ ಜನ ಕಣ್ಣು ಕೀಳದೆ ನೋಡ್ತೇವೆ. ಇನ್ನರ್ಧ ಜನ ಥಟ್ಟನೆ ಕಿಟಕಿಯ ಕಡೆ ತಿರುಗಿಬಿಡ್ತೇವೆ. ಎರಡರಲ್ಲೂ ಕೆಡುಕು ಮಾಡಬೇಕೆಂಬ ಮನಸ್ಸಿಲ್ಲ, ನಿಜ. ಆದರೆ ಎರಡೂ ಆ ಜೀವಕ್ಕೆ ಮುಳ್ಳು ಚುಚ್ಚಿದ ಹಾಗೆಯೇ. ಈ ಮಾತು ಹೇಳೋದಕ್ಕೇ ಈ ಸಲ ಒಂದು ಯುದ್ಧವಿಮಾನದ ಕಥೆ ತಂದಿದ್ದೇನೆ. "ಯುದ್ಧ, ವಿಮಾನ ಇವೆಲ್ಲ ನಮಗ್ಯಾಕಪ್ಪಾ?" ಅಂತ ಪುಟ ಮಗುಚಬೇಡಿ, ಗೆಳತಿಯರೇ.

1944ರ ಮಾರ್ಚ್ 16. ಇಂಗ್ಲೆಂಡಿನ ಕ್ಯಾಸಲ್ ಡಾನಿಂಗ್ಟನ್ ನೆಲೆಯಿಂದ ವೆಲಿಂಗ್ಟನ್ ಬಾಂಬರ್ ಒಂದು ತರಬೇತಿ ಹಾರಾಟಕ್ಕೆ ಹೊರಟಿತು. ಈ ವಿಮಾನಕ್ಕೆ ಲೋಹದ ಹಂದರ, ಅದರ ಮೇಲೆ ಬಿಗಿದ ಬಟ್ಟೆಯ ಹೊದಿಕೆ. ಒಳಗೆ ಪೆಟ್ರೋಲು ತುಂಬಿದ ಟ್ಯಾಂಕುಗಳು. ಮೇಲೇರಿದ ಕೂಡಲೇ ವಿಮಾನ ನೆಲಕ್ಕಪ್ಪಳಿಸಿ ಹೊತ್ತಿಕೊಂಡಿತು. ದಾರಿ ಲೆಕ್ಕ ಹಾಕುವ ನ್ಯಾವಿಗೇಟರ್ ಬಿಲ್ ಫಾಕ್ಸ್‌ಲಿಗೆ ಆಗ ಬರೀ ಇಪ್ಪತ್ತು ವರ್ಷ. ಗಾಯವಿಲ್ಲದೆ ಹೊರಗೆ ಬಂದಿದ್ದ. ಅಷ್ಟರಲ್ಲಿ ಒಳಗೆ ಸಿಕ್ಕಿಬಿದ್ದ ಗೆಳೆಯನ ಕೂಗು ಕೇಳಿಸಿತು. ಮತ್ತೆ ಬೆಂಕಿಯೊಳಗೆ ನುಗ್ಗಿ ಅವನನ್ನು ಹೊರಗೆಳೆದ. ಆ ಗೆಳೆಯ ಬದುಕಲಿಲ್ಲ. ಫಾಕ್ಸ್‌ಲಿಯ ಮುಖ, ಕೈಗಳ ಚರ್ಮವೆಲ್ಲ ಸುಟ್ಟುಹೋಯಿತು. ಒಂದು ಕಣ್ಣು ಪೂರ್ತಿ ಹೋಯಿತು, ಇನ್ನೊಂದಕ್ಕೂ ಪೆಟ್ಟಾಯಿತು.

ಇಂಥವನು ಅವನೊಬ್ಬನೇ ಅಲ್ಲ. ಬಾಂಬು ಹಾಕಿ ಮರಳಿ ಇಳಿಯುವಾಗ, ಮುರಿದ ಚಕ್ರದಲ್ಲಿ ನೆಲ ಮುಟ್ಟುವಾಗ ಬೆಂಕಿಗೆ ಸಿಕ್ಕಿದ ಹುಡುಗರು ನೂರಾರು. ಮೈಯನ್ನು ಸಮವಸ್ತ್ರ ಕಾಯುತ್ತಿತ್ತು. ಮುಖ, ಕೈಗಳನ್ನು ಕಾಯುವವರು ಯಾರು? ಅವರನ್ನು ಈಸ್ಟ್ ಗ್ರಿನ್‌ಸ್ಟೆಡ್ ಎಂಬ ಚಿಕ್ಕ ಪೇಟೆಯ ಕ್ವೀನ್ ವಿಕ್ಟೋರಿಯಾ ಆಸ್ಪತ್ರೆಗೆ ತರುತ್ತಿದ್ದರು. ಅಲ್ಲಿದ್ದವರು ನ್ಯೂಜಿಲೆಂಡಿನ ಡಾಕ್ಟರು ಆರ್ಚಿಬಾಲ್ಡ್ ಮೆಕಿಂಡೋ.

ಅಲ್ಲಿಯತನಕ ಸುಟ್ಟ ಗಾಯಕ್ಕೆ ಟ್ಯಾನಿಕ್ ಆಸಿಡ್ ಹಚ್ಚುವುದು ರೂಢಿ. ಅದು ಒಣಗಿ ಚಕ್ಕೆಯ ಹಾಗೆ ಗಟ್ಟಿಯಾಗಿ ಬೆರಳುಗಳು ಮುದುರಿಕೊಳ್ಳುತ್ತಿದ್ದವು. ಸಮುದ್ರಕ್ಕೆ ಬಿದ್ದ ಪೈಲಟ್‌ಗಳ ಗಾಯ ಚೆನ್ನಾಗಿ ಮಾಗೋದನ್ನು ಮೆಕಿಂಡೋ ಗಮನಿಸಿದರು. ಆಸಿಡ್ ಬಿಟ್ಟು ಬೆಚ್ಚನೆಯ ಉಪ್ಪುನೀರಿನ ಸ್ನಾನ ಶುರುಮಾಡಿದರು. ಆಮೇಲೆ ತೋಳಿನ ಒಳಭಾಗದ ತೆಳು ಚರ್ಮ ತೆಗೆದು ಹೊಸ ರೆಪ್ಪೆ. ಭುಜದ, ಹೊಟ್ಟೆಯ ಚರ್ಮವನ್ನು ಕೊಳವೆಯಾಗಿ ಹೊಲಿದು ವಾರಗಟ್ಟಲೆ ಕಾದು ಹೊಸ ಮೂಗು. ಫಾಕ್ಸ್‌ಲಿಗೆ ಮೂರೂವರೆ ವರ್ಷದಲ್ಲಿ ಸುಮಾರು ಮೂವತ್ತು ಶಸ್ತ್ರಚಿಕಿತ್ಸೆಗಳಾದವು!

ಮೂಗು ಕಟ್ಟುವ ಈ ವಿದ್ಯೆಗೂ ನಮ್ಮ ಸೀಮೆಗೂ ಒಂದು ನಂಟಿದೆ, ನೋಡಿ. 1790–92ರ ಮೈಸೂರು ಯುದ್ಧದಲ್ಲಿ ಬ್ರಿಟಿಷ್ ಸೈನ್ಯದ ಎತ್ತಿನ ಗಾಡಿಯವನೊಬ್ಬ ಟಿಪ್ಪುವಿನ ಕಡೆಯವರಿಗೆ ಸೆರೆಸಿಕ್ಕಿ ಮೂಗು ಕಳಕೊಂಡ. ಪುಣೆಯ ಹತ್ತಿರ ನಮ್ಮ ದೇಶದ ಪಾರಂಪರಿಕ ವೈದ್ಯನೊಬ್ಬ ಅವನ ಹಣೆಯ ಚರ್ಮದಿಂದ ಮೂಗು ಕಟ್ಟಿಕೊಟ್ಟ. 1794ರಲ್ಲಿ ಲಂಡನ್ನಿನ ಪತ್ರಿಕೆಯೊಂದರಲ್ಲಿ ಈ ಸುದ್ದಿ ಅಚ್ಚಾಯಿತು. ಅದನ್ನು ಓದಿಯೇ ಅಲ್ಲಿನ ವೈದ್ಯರು ಈ ವಿದ್ಯೆಗೆ ಕೈಹಾಕಿದ್ದು.

ಇರಲಿ. ಮೂಗು ಬಂತು, ರೆಪ್ಪೆ ಬಂತು. ಬದುಕು ಬರಬೇಕಲ್ಲ? ಬೀದಿಗೆ ಹೋದರೆ ಜನ ಹೆದರಿ ಸರಿದರೆ ಮೂವತ್ತು ಆಪರೇಷನ್ ಮಾಡಿಯೂ ಏನು ಫಲ? ಮೆಕಿಂಡೋ ಇದನ್ನು ಚೆನ್ನಾಗಿ ಬಲ್ಲವರು. ರೋಗಿಗಳಿಗೆ ಆಸ್ಪತ್ರೆಯ ನೀಲಿ ಬಟ್ಟೆ ಬಿಡಿಸಿ ಅವರವರ ಸಮವಸ್ತ್ರವನ್ನೇ ತೊಡಿಸಿದರು. ಅಧಿಕಾರಿ, ಸಿಪಾಯಿ ಎಂಬ ಭೇದವಿಲ್ಲದೆ ಒಂದೇ ವಾರ್ಡಿನಲ್ಲಿಟ್ಟರು. ಆಮೇಲೆ ಊರಿನವರ ಬಳಿಗೆ ಹೋದರು. ಈ ಹುಡುಗರನ್ನು ಮನೆಗೆ ಕರೀರಿ, ಊಟಕ್ಕೆ ಕೂರಿಸಿಕೊಳ್ಳಿ, ಎಲ್ಲರ ಜೊತೆ ಹೇಗೋ ಹಾಗೆ ಮಾತಾಡಿ ಅಂತ ಕೇಳಿಕೊಂಡರು.

ಊರೂ ಸುಖದಲ್ಲೇನೂ ಇರಲಿಲ್ಲ. 1943ರ ಜುಲೈ 9ರಂದು ಅದರ ಸಿನಿಮಾ ಮಂದಿರ, ಪೇಟೆಬೀದಿಯ ಮೇಲೆ ಬಾಂಬು ಬಿದ್ದು 108 ಜನ ಸತ್ತರು. ಸತ್ತವರಲ್ಲಿ ಮಕ್ಕಳೂ ಇದ್ದರು. ಆದರೂ ಬಾಗಿಲು ಮುಚ್ಚಲಿಲ್ಲ. ಅಂಗಡಿಯಲ್ಲಿ, ಹೋಟೆಲಿನಲ್ಲಿ, ನೃತ್ಯದ ಕೂಟದಲ್ಲಿ ಈ ಹುಡುಗರಿಗೆ ಜಾಗವಿತ್ತು. 'ದುರುಗುಟ್ಟಿ ನೋಡದ ಊರು' ಎಂಬ ಹೆಸರೇ ಅದಕ್ಕೆ ನಿಂತಿತು. ಹುಡುಗರೂ 1941ರಲ್ಲಿ ಒಂದು ಸಂಘ ಕಟ್ಟಿ 'ಗಿನಿಪಿಗ್ ಕ್ಲಬ್' ಅಂತ ಕರೆದುಕೊಂಡರು. ಡಾಕ್ಟರು ನಮ್ಮ ಮೇಲೆ ಪ್ರಯೋಗ ಮಾಡ್ತಾರಲ್ಲ ಎಂಬ ತಮಾಷೆ ಅದು. ಕಾಲು ಸುಟ್ಟವನನ್ನು ಖಜಾಂಚಿ ಮಾಡಿದರಂತೆ, ದುಡ್ಡು ಎತ್ತಿಕೊಂಡು ಓಡಲಾರ ಅಂತ! ಯುದ್ಧ ಮುಗಿಯುವಾಗ ಸದಸ್ಯರು 649. ವರ್ಷ ವರ್ಷ ಸೇರುತ್ತಿದ್ದವರು 2007ರವರೆಗೂ ಸೇರಿದರು.

ಈ ಕಥೆಯಲ್ಲಿ ಹೆಚ್ಚು ಜನ ಹೇಳದ ಪಾಲೊಂದಿದೆ, ಅದು ಹೆಂಗಸರದು. ದಿನಾ ಬ್ಯಾಂಡೇಜು ಬಿಚ್ಚಿ, ಆ ಮುಖವನ್ನು ಮೊದಲು ನೋಡಿ, ಹುಬ್ಬು ಗಂಟಿಕ್ಕದೆ ನಕ್ಕವರು ನರ್ಸುಗಳು. ಅವರೂ ಇಪ್ಪತ್ತರ ಆಸುಪಾಸಿನ ಹುಡುಗಿಯರೇ. ನಗುತ್ತಲೇ ಇರಬೇಕು, ಹುಡುಗರ ಚೇಷ್ಟೆ ಸಹಿಸಬೇಕು. ನಿಮಗೆ ಹೇಗಿದೆ ಅಂತ ಅವರನ್ನು ಕೇಳಿದವರು ಕಡಿಮೆ. ಆ ಊರಲ್ಲೇ ಬೆಳೆದು, ಎಳೆತನದಲ್ಲಿ ಆ ಮುಖಗಳಿಗೆ ಹೆದರುತ್ತಿದ್ದ ಲಿಜ್ ಬಿರ್ಸ್ಕಿ ಎಂಬ ಲೇಖಕಿ ಎಷ್ಟೋ ವರ್ಷದ ಮೇಲೆ ಮರಳಿ ಹೋಗಿ ಈ ಅಜ್ಜಿಯರನ್ನು ಮಾತಾಡಿಸಿ 2015ರಲ್ಲಿ ಪುಸ್ತಕ ಬರೆದರು. ರೋಗಿಗಳಲ್ಲಿ ಹಲವರು ನರ್ಸುಗಳನ್ನೇ ಮದುವೆಯಾಗಿ ಸಂಸಾರ ಹೂಡಿದರು.

ಫಾಕ್ಸ್‌ಲಿಯೂ ಮದುವೆಯಾದ. ವಿದ್ಯುತ್ ಮಂಡಳಿಯಲ್ಲಿ ಕೆಲಸ ಮಾಡಿದ. 1969ರ 'ಬ್ಯಾಟಲ್ ಆಫ್ ಬ್ರಿಟನ್' ಸಿನಿಮಾದಲ್ಲಿ ತನ್ನದೇ ಮುಖದಲ್ಲಿ ಪಾತ್ರವನ್ನೂ ಮಾಡಿದ. ಆದರೆ ಲಂಡನ್ನಿನ ರೈಲಿನಲ್ಲಿ ಅವನ ಪಕ್ಕದ ಸೀಟು ಖಾಲಿಯೇ ಉಳಿಯುತ್ತಿತ್ತು. ಕಚ್ಚೋದಿಲ್ಲ ಬನ್ನಿ, ಕೂತ್ಕೊಳ್ಳಿ ಅಂತ ತಾನೇ ಕರೆಯಬೇಕಾಗುತ್ತಿತ್ತು. 2010ರಲ್ಲಿ, 87ನೇ ವಯಸ್ಸಿನಲ್ಲಿ ತೀರಿಕೊಂಡ. ಒಂದು ಊರು ಕಲಿತದ್ದನ್ನು ಒಂದು ರೈಲು ಕಲಿತಿರಲಿಲ್ಲ, ಅಷ್ಟೆ.

ಈಗ ನಮ್ಮ ಮನೆಗೆ ಬರೋಣ. ನಮ್ಮಲ್ಲಿ ಬೆಂಕಿ ಹೊತ್ತಿಕೊಳ್ಳುವುದು ಅಡುಗೆಮನೆಯಲ್ಲಿ. ಸುಡುವುದು ಸೆರಗು. ಇನ್ನು ಆಸಿಡ್ ಎರಚುವ ಪಾಪಿಗಳೂ ಇದ್ದಾರೆ. ಅಂಗಡಿಯಲ್ಲಿ ಆಸಿಡ್ ಮಾರಾಟಕ್ಕೆ 2013ರಲ್ಲಿ ಸುಪ್ರೀಂ ಕೋರ್ಟು ಕಡಿವಾಣ ಹಾಕಿತು. 2016ರ ಕಾನೂನು ಆಸಿಡ್ ದಾಳಿಗೆ ಸಿಕ್ಕಿದವರನ್ನು ಅಂಗವಿಕಲರ ಹಕ್ಕುಗಳೊಳಗೆ ಸೇರಿಸಿತು. ಆದರೆ ಪಕ್ಕದಲ್ಲಿ ಕೂತು ಮಾತಾಡಿ ಅಂತ ಯಾವ ಕೋರ್ಟು ಹೇಳೀತು? ಅದು ನಮ್ಮ ಕೆಲಸ.

ಸುಟ್ಟ ತಕ್ಷಣ ಮಾಡಬೇಕಾದ್ದನ್ನು ನೆನಪಿಟ್ಟುಕೊಳ್ಳಿ. ಇಪ್ಪತ್ತು ನಿಮಿಷ ನಲ್ಲಿಯ ತಣ್ಣೀರು ಹರಿಸಿ. ಊದಿಕೊಳ್ಳುವ ಮುಂಚೆ ಬಳೆ, ಉಂಗುರ ತೆಗೀರಿ. ಅಂಟಿದ ಬಟ್ಟೆ ಕೀಳಬೇಡಿ. ಇಂಕು, ಟೂತ್‌ಪೇಸ್ಟು, ಅರಿಶಿನ ಏನೂ ಬೇಡ. ಶುದ್ಧ ಬಟ್ಟೆ ಹೊದಿಸಿ ಆಸ್ಪತ್ರೆಗೆ ಕರೆದೊಯ್ಯಿರಿ.

ಗಾಯ ಮಾಗಿದ ಮೇಲೆ ಮಾಡಬೇಕಾದ್ದು ಇನ್ನೂ ಸುಲಭ, ಇನ್ನೂ ಕಷ್ಟ. ಕಣ್ಣಲ್ಲಿ ಕಣ್ಣಿಟ್ಟು ಮಾತಾಡಿ. "ಅಯ್ಯೋ ಪಾಪ" ಅನ್ನಬೇಡಿ, "ಕಾಫಿ ಆಯ್ತಾ?" ಅನ್ನಿ. ಅರಿಶಿನ-ಕುಂಕುಮಕ್ಕೆ ಕರೀರಿ, ಮೂಲೆಯಲ್ಲಲ್ಲ, ನಡುವೆ ಕೂರಿಸಿ. ಮಗು "ಅಮ್ಮಾ, ಅವರ ಮುಖ ಯಾಕೆ ಹಾಗಿದೆ?" ಅಂದರೆ ಬಾಯಿ ಮುಚ್ಚಿಸಬೇಡಿ. "ಬೆಂಕಿ ತಗುಲಿತ್ತು ಮಗು, ಈಗ ವಾಸಿಯಾಗಿದೆ, ನಮಸ್ಕಾರ ಹೇಳು" ಅನ್ನಿ. ಮಗು ಅಷ್ಟಕ್ಕೇ ಸುಮ್ಮನಾಗುತ್ತೆ. ದೊಡ್ಡವರಾದ ನಾವೂ ಅಷ್ಟನ್ನು ಕಲಿತರೆ ಸಾಕು.