ಮನೇಲಿ ಮಾಡಿದ್ದು ಅಂದ ಮಾತ್ರಕ್ಕೆ...

"ಮನೇಲೇ ಮಾಡಿದ್ದು ಕಣಪ್ಪಾ, ಕೆಮಿಕಲ್ಲು ಗಿಮಿಕಲ್ಲು ಏನೂ ಹಾಕಿಲ್ಲ. ಪಾಪ, ತಿನ್ಲಿ ಬಿಡು."

ಹೀಗಂತ ಹೇಳಿ ನಮ್ಮ ಮೇಲಿನ ಮನೆ ಆಂಟಿ ಒಂದು ಡಬ್ಬಿ ಕೈಗಿಟ್ಟು ಹೋದರು. ಒಳಗೆ ಮೂಳೆಯ ಆಕಾರದ ಬಿಸ್ಕತ್ತು. ಓಟ್ಸು, ಬೆಲ್ಲ, ತುಪ್ಪ, ಪೀನಟ್ ಬಟರ್ ಎಲ್ಲಾ ಹಾಕಿದ್ದಂತೆ. ಪರಿಮಳ ಹೇಗಿತ್ತು ಅಂದ್ರೆ, ನಮ್ಮ ಗುಂಡನಿಗೆ ನಾಲ್ಕು ಹಾಕಿ ಐದನೇದನ್ನು ನಾನೇ ಬಾಯಿಗೆ ಹಾಕ್ಕೊಂಡೆ. ಚೆನ್ನಾಗೇ ಇತ್ತು. ಹಲ್ಲಿಗೆ ಏನೋ ಮೆತ್ತಗೆ ಸಿಕ್ತು. ಒಣದ್ರಾಕ್ಷಿ!

ನಾಯಿಗೆ ದ್ರಾಕ್ಷಿ ಆಗಲ್ಲ ಅಂತ ಎಲ್ಲೋ ಓದಿದ ನೆನಪು. ಡಾಕ್ಟರಿಗೆ ಫೋನ್ ಮಾಡಿದೆ. "ಎಷ್ಟು ತಿಂದಿದೆ ಅಂತ ಎಣಿಸ್ತಾ ಕೂರಬೇಡಿ, ಈಗಲೇ ಕರ್ಕೊಂಡು ಬನ್ನಿ" ಅಂದರು. ಭಾನುವಾರ ರಾತ್ರಿ ಒಂಬತ್ತು ಗಂಟೆ. ವಾಂತಿ ಮಾಡಿಸೋಕೆ ಇಂಜೆಕ್ಷನ್, ಆಮೇಲೆ ಎರಡು ದಿನ ಡ್ರಿಪ್, ಮೂರು ದಿನ ರಕ್ತ ತೆಗೆದು ಕ್ರಿಯಾಟಿನಿನ್ ಪರೀಕ್ಷೆ. ದ್ರಾಕ್ಷಿಯಿಂದ ಕಿಡ್ನಿಗೆ ಪೆಟ್ಟು ಬೀಳೋದಾದ್ರೆ ಸಾಮಾನ್ಯವಾಗಿ ಒಂದರಿಂದ ಮೂರು ದಿನದೊಳಗೆ ಗೊತ್ತಾಗುತ್ತಂತೆ. ಉಚ್ಚೆ ನಿಂತುಹೋದರೆ ಉಳಿಸೋದು ಕಷ್ಟ. ಆ ಮೂರು ದಿನ ಗುಂಡ ಕಾಲೆತ್ತಿದಾಗೆಲ್ಲಾ ನಾನು, ನನ್ನ ಹೆಂಡತಿ ಹಬ್ಬ ಮಾಡಿದ್ದೀವಿ. ಬಿಲ್ಲಿನ ವಿಷಯ ಬೇಡ ಬಿಡಿ. ನಾಯಿ ಉಳೀತು.

ಆಮೇಲೆ ಆಂಟಿಗೆ ಹೇಳಿದೆ. ಅವರು ನಂಬಲೇ ಇಲ್ಲ. "ದ್ರಾಕ್ಷಿ ಹಣ್ಣಲ್ವೇನಪ್ಪಾ? ಹಣ್ಣು ತಿಂದ್ರೆ ಯಾರಿಗಾದ್ರೂ ಏನಾದ್ರೂ ಆಗುತ್ತಾ? ನಮ್ಮ ಪಿಂಕಿ ಒಂದು ತಿಂಗಳಿಂದ ಇದನ್ನೇ ತಿಂತಿದೆ."

ಪಿಂಕಿ ಅವರ ಪಗ್ಗು. ನಮ್ಮ ಸಾಫ್ಟ್‌ವೇರ್ ಮಂದಿಯಲ್ಲಿ ಈ ವಾದಕ್ಕೆ ಹೆಸರೇ ಇದೆ, "ನನ್ನ ಮಶೀನಲ್ಲಿ ವರ್ಕ್ ಆಗ್ತಿದೆ" ಅಂತ. ದ್ರಾಕ್ಷಿಯ ತೊಂದರೆಯೇ ಅದು. ಒಂದು ನಾಯಿ ಹಿಡಿ ತುಂಬಾ ತಿಂದು ಆರಾಮಾಗಿರುತ್ತೆ, ಇನ್ನೊಂದು ಕೆಲವೇ ಕೆಲವು ತಿಂದು ಮಲಗಿಬಿಡುತ್ತೆ. ಯಾಕೆ ಅಂತ ಬಹಳ ವರ್ಷ ಗೊತ್ತೇ ಇರಲಿಲ್ಲ. ಕ್ರೀಮ್ ಆಫ್ ಟಾರ್ಟರ್ ಹಾಕಿ ಮನೇಲೇ ಕಲಸಿದ ಮಕ್ಕಳ ಆಟದ ಹಿಟ್ಟು ತಿಂದ ನಾಯಿಗೂ ಇದೇ ತರ ಕಿಡ್ನಿ ಕೆಟ್ಟಿದ್ದನ್ನು ನೋಡಿ, ಅಮೆರಿಕದ ಪಶುವೈದ್ಯರು 2021ರಲ್ಲಿ ಟಾರ್ಟಾರಿಕ್ ಆಮ್ಲದ ಕಡೆ ಬೆರಳು ತೋರಿಸಿದರು. ಈ ಆಮ್ಲ ದ್ರಾಕ್ಷಿಯ ತಳಿ, ಹಣ್ಣಾದ ಹದ ನೋಡಿಕೊಂಡು ಹೆಚ್ಚುಕಮ್ಮಿ ಇರುತ್ತೆ. ಇನ್ನೊಂದು ವಿಷಯ ಕೇಳಿ, ನಮ್ಮ ಹುಣಸೆಹಣ್ಣಿನಲ್ಲೂ ಇದು ದಂಡಿಯಾಗಿದೆ. ಉಳಿದ ಪುಳಿಯೋಗರೆ ನಾಯಿಗೆ ಸುರಿಯೋರು ಸ್ವಲ್ಪ ಯೋಚನೆ ಮಾಡಿ.

ನನ್ನ ಜಗಳ ಆಂಟಿ ಹತ್ರ ಅಲ್ಲ. ಪ್ರೀತಿಯಿಂದ ಕೊಟ್ಟರು, ಅನುಮಾನವೇ ಇಲ್ಲ. ನನ್ನ ಜಗಳ ಈ "ಹೆಲ್ದಿ" ಅನ್ನೋ ಪದದ ಹತ್ರ. ಅವರ ರೆಸಿಪಿ ಇನ್ನೊಂದು ಸಲ ನೋಡಿ. ಬೆಲ್ಲ, ತುಪ್ಪ, ಡ್ರೈಫ್ರೂಟ್ಸು. ಇದು ಬಾಣಂತಿಗೆ ಕೊಡೋ ಅಂಟಿನುಂಡೆ ರೀ! ನಮ್ಮ ಮನಸ್ಸಿನಲ್ಲಿ ಯಾವುದು ಪುಷ್ಟಿ, ಯಾವುದು ಶ್ರೇಷ್ಠ ಅಂತ ಕೂತಿದೆಯೋ ಅದನ್ನೆಲ್ಲಾ ಕಲಸಿ, ಮೂಳೆ ಅಚ್ಚಿನಲ್ಲಿ ಒತ್ತಿ, ನಾಯಿ ಬಿಸ್ಕತ್ತು ಅಂತೀವಿ. ಸಕ್ಕರೆ ಬದಲು ಬೆಲ್ಲ ಹಾಕಿದ್ರೆ ನಾಯಿಗೇನು ಲಾಭ? ಅದಕ್ಕೆ ಸಿಹಿಯೇ ಬೇಕಾಗಿಲ್ಲ. ತುಪ್ಪ ಜಾಸ್ತಿಯಾದರೆ ಕೆಲವು ನಾಯಿಗಳಿಗೆ ಮೇದೋಜೀರಕ ಗ್ರಂಥಿ ಊದಿಕೊಂಡು ಜೀವಕ್ಕೇ ಬರುತ್ತೆ.

"ಶುಗರ್ ಫ್ರೀ" ಅಂತ ಮಾಡೋರದ್ದು ಇನ್ನೂ ಭಯ. ಶುಗರ್ ಇರೋ ಮನುಷ್ಯರಿಗೆ ಒಳ್ಳೇದು ಅಂತ ಮಾರೋ ಕ್ಸೈಲಿಟಾಲ್ ನಾಯಿ ಹೊಟ್ಟೆಗೆ ಹೋದರೆ ಮೈಯಲ್ಲಿ ಇನ್ಸುಲಿನ್ ಒಮ್ಮೆಗೇ ನುಗ್ಗುತ್ತೆ. ಅರ್ಧ ಗಂಟೆ ಒಂದು ಗಂಟೆಯೊಳಗೇ ರಕ್ತದ ಸಕ್ಕರೆ ಇಳಿದು ನಾಯಿ ತೂರಾಡಬಹುದು. ಕೆಜಿ ತೂಕಕ್ಕೆ 0.1 ಗ್ರಾಂ ಸಾಕು. ಇನ್ನೂ ಹೆಚ್ಚು ಹೋದರೆ ಲಿವರ್ ಕೈಕೊಡುತ್ತೆ. ಕೆಲವು ಪೀನಟ್ ಬಟರ್‌ಗಳಲ್ಲೂ ಇದನ್ನು ಹಾಕ್ತಾರೆ. ಡಬ್ಬಿ ತಿರುಗಿಸಿ, ಸಣ್ಣಕ್ಷರದಲ್ಲಿ ಕ್ಸೈಲಿಟಾಲ್ ಅಂತಲೋ 967 ಅಂತಲೋ ಇದೆಯಾ ನೋಡಿ. ಚಾಕೊಲೇಟು, ಈರುಳ್ಳಿ, ಬೆಳ್ಳುಳ್ಳಿ, ಮಕಡೇಮಿಯಾ, ಜಾಯಿಕಾಯಿ ಕೂಡ ದೂರ. ಈರುಳ್ಳಿಯನ್ನು ಬೇಯಿಸಿದ್ರೂ ಪುಡಿ ಮಾಡಿದ್ರೂ ನಾಯಿಯ ಕೆಂಪು ರಕ್ತಕಣ ಒಡೆಯೋ ಗುಣ ಹೋಗಲ್ಲ.

"ಅಂಗಡೀದು ಮಾತ್ರ ಏನು ಸಾಚಾ?" ಅಂತೀರಾ? ನಿಜ. 2007ರಲ್ಲಿ ಅಮೆರಿಕದಲ್ಲಿ ನಾಯಿ ಬೆಕ್ಕುಗಳು ಕಿಡ್ನಿ ಹೋಗಿ ಸತ್ತಾಗ, ಚೀನಾದಿಂದ ಬಂದ ಗೋಧಿ ಗ್ಲುಟೆನ್‌ನಲ್ಲಿ ಮೆಲಮಿನ್ ಕಲಬೆರಕೆಯಾಗಿದ್ದು ಬಯಲಾಯ್ತು. ಕೋಟಿಗಟ್ಟಲೆ ಡಬ್ಬಿ ವಾಪಸ್ ತರಿಸಿಕೊಂಡರು. ಇಂಥದ್ದನ್ನು ಕಂಡಮೇಲೆ ನಾವೇ ಮಾಡ್ಕೊಳ್ತೀವಿ ಅಂತ ಜನ ಓವನ್ ಹಚ್ಚಿದ್ರೆ ಅದು ನ್ಯಾಯವೇ. ನಾನೂ ಮಾಡ್ತೀನಿ. ಆದರೆ ಅಂಗಡಿ ಪ್ಯಾಕೆಟ್ಟಿನ ಹಿಂದೆ ಏನೇನು ಹಾಕಿದ್ದಾರೆ ಅಂತ ಒಂದು ಪಟ್ಟಿಯಾದರೂ ಇರುತ್ತೆ. ಆಂಟಿ ಡಬ್ಬಿಯ ಮೇಲೆ ಇದ್ದದ್ದು ಒಂದು ಕೆಂಪು ರಿಬ್ಬನ್ನು.

ಮಾರಾಟಕ್ಕೆ ಮಾಡೋ ಹೋಮ್ ಬೇಕರುಗಳದ್ದು ಇನ್ನೊಂದು ಕಥೆ. ಎಫ್‌ಎಸ್‌ಎಸ್‌ಎಐ ನಂಬರ್ ತೋರಿಸಿ ಡಾಗ್ ಕೇಕ್ ಮಾರ್ತಾರೆ. ಸ್ವಾಮಿ, 2006ರ ಆಹಾರ ಸುರಕ್ಷತಾ ಕಾಯ್ದೆ ಇರೋದು ಮನುಷ್ಯರ ಆಹಾರಕ್ಕೆ. "ಆಹಾರ" ಅನ್ನೋದರ ವ್ಯಾಖ್ಯೆಯಲ್ಲೇ ಪ್ರಾಣಿಗಳ ಮೇವನ್ನು ಹೊರಗಿಟ್ಟಿದ್ದಾರೆ. ಆ ನಂಬರ್ ನಮ್ಮ ಹುಟ್ಟುಹಬ್ಬದ ಕೇಕಿಗೆ ಸರಿ, ಅದರಿಂದ ನಾಯಿ ಕೇಕಿನ ಬಗ್ಗೆ ಏನೂ ಗೊತ್ತಾಗಲ್ಲ.

ಇನ್ನು "ಗ್ಲುಟೆನ್ ಫ್ರೀ, ಗ್ರೇನ್ ಫ್ರೀ" ಹುಚ್ಚು. ನಾಯಿ ಅಂದ್ರೆ ತೋಳ, ತೋಳ ಧಾನ್ಯ ತಿನ್ನಲ್ಲ, ಆದ್ದರಿಂದ ಬಾದಾಮಿ ಹಿಟ್ಟಿನ ಬಿಸ್ಕತ್ತು! ಬಾದಾಮಿ ಯಾವ ತೋಳ ತಿಂದಿತ್ತೋ ದೇವರಿಗೇ ಗೊತ್ತು. 2013ರಲ್ಲಿ ಸ್ವೀಡನ್ನಿನ ಉಪ್ಸಾಲಾ ವಿಶ್ವವಿದ್ಯಾಲಯದ ಎರಿಕ್ ಆಕ್ಸೆಲ್‌ಸನ್ ಮತ್ತು ಜೊತೆಗಾರರು 'ನೇಚರ್' ಪತ್ರಿಕೆಯಲ್ಲಿ ತೋರಿಸಿದ್ದು ಇಷ್ಟು: ಪಿಷ್ಟ ಅರಗಿಸೋ ಅಮೈಲೇಸ್ ಜೀನ್ ತೋಳದಲ್ಲಿ ಎರಡು ಪ್ರತಿ ಇದ್ದರೆ ನಾಯಿಗಳಲ್ಲಿ ನಾಲ್ಕರಿಂದ ಮೂವತ್ತರವರೆಗೆ ಇದೆ. ಅಂದ್ರೆ ಮನುಷ್ಯರ ಜೊತೆ ಬದುಕಿ ನಾಯಿ ನಮ್ಮ ಊಟಕ್ಕೆ ಹೊಂದಿಕೊಂಡಿದೆ. ಗ್ಲುಟೆನ್ ಆಗದೇ ಇರೋ ನಾಯಿ ಇಲ್ಲವೇ ಇಲ್ಲ ಅಂತಲ್ಲ, ಐರಿಷ್ ಸೆಟ್ಟರ್ ತಳಿಯ ಕೆಲವಕ್ಕೆ ಆ ತೊಂದರೆ ಇದೆ. ನಿಮ್ಮ ಅಪಾರ್ಟ್‌ಮೆಂಟಿನಲ್ಲಿ ಐರಿಷ್ ಸೆಟ್ಟರ್ ಎಷ್ಟಿವೆ?

ಮಂಡ್ಯ ಕಡೆ ನಮ್ಮ ಅಜ್ಜಿ ಮನೇಲಿ ನಾಯಿಗೆ ಹಾಕ್ತಿದ್ದದ್ದು ಮುದ್ದೆ. ತಣ್ಣಗಾದ ಮುದ್ದೆಯ ಚೂರನ್ನು ಅಂಗಳಕ್ಕೆ ಎಸೆದರೆ ಗಾಳಿಯಲ್ಲೇ ಹಿಡೀತಿತ್ತು. ಹಳೇದೆಲ್ಲಾ ಚಿನ್ನ ಅಂತ ನಾನು ಹೇಳ್ತಿಲ್ಲ. ಮುದ್ದೆ ಜೊತೆ ಈರುಳ್ಳಿ, ಹುಣಸೆಹುಳಿಯ ಸಾರೂ ಹೋಗ್ತಿತ್ತು. ಯಾವ ನಾಯಿ ಯಾಕೆ ಸತ್ತಿತು ಅಂತ ಆಗ ಯಾರೂ ಕೇಳ್ತಿರಲಿಲ್ಲ.

ಆದರೆ ರಾಗಿ ಒಳ್ಳೇ ಸಾಮಾನು. ನಾನು ಮಾಡೋದು ಹೀಗೆ. ಎರಡು ಲೋಟ ರಾಗಿ ಹಿಟ್ಟು, ಬೇಯಿಸಿ ಕಿವುಚಿದ ಸಿಹಿಗುಂಬಳ ಒಂದು ಲೋಟದಷ್ಟು, ಒಂದು ಮೊಟ್ಟೆ. ಮುಗೀತು. ಉಪ್ಪಿಲ್ಲ, ಬೆಲ್ಲ ಇಲ್ಲ, ಸೋಡಾ ಇಲ್ಲ. ರಾಗಿಗೆ ಅಂಟು ಕಮ್ಮಿ, ಕುಂಬಳ ಮೊಟ್ಟೆ ಇಲ್ದಿದ್ರೆ ಪುಡಿಪುಡಿ ಆಗುತ್ತೆ. ತೆಳ್ಳಗೆ ಲಟ್ಟಿಸಿ ಚಾಕುವಿನಲ್ಲಿ ಚೌಕ ಕೊಯ್ದು 150 ಡಿಗ್ರಿಯಲ್ಲಿ ನಲವತ್ತು ನಿಮಿಷ ಬೇಯಿಸಿ, ಓವನ್ ಆರಿಸಿ ಒಳಗೇ ರಾತ್ರಿಯಿಡೀ ಬಿಡ್ತೀನಿ. ಓವನ್ ಇಲ್ಲದವರು ರೊಟ್ಟಿ ತಟ್ಟಿ ಹಂಚಿನ ಮೇಲೆ ಸಣ್ಣ ಉರಿಯಲ್ಲಿ ಒಣಗಿಸಬಹುದು. ಮುರಿದರೆ ಟಕ್ ಅನ್ನಬೇಕು. ಬಗ್ಗಿದರೆ ಒಳಗೆ ನೀರಿದೆ, ನಾಲ್ಕು ದಿನದಲ್ಲಿ ಬೂಷ್ಟು ಹಿಡಿಯುತ್ತೆ, ಅಂಥದ್ದು ಫ್ರಿಜ್ಜಿಗೆ. ಬೂಷ್ಟನ್ನು ಕೆರೆದು ಉಳಿದದ್ದನ್ನು ನಾಯಿಗೆ ಹಾಕೋ ಬುದ್ಧಿ ಬೇಡ, ಕೆಲವು ಬೂಷ್ಟಿನ ವಿಷಕ್ಕೆ ನಾಯಿಗೆ ಮೈ ನಡುಗುತ್ತೆ, ಫಿಟ್ಸ್ ಬರುತ್ತೆ.

ಎಷ್ಟು ಕೊಡಬೇಕು ಅನ್ನೋದನ್ನು ಮಾತ್ರ ಯಾರೂ ಕೇಳಲ್ಲ. ಇಂಥ ತಿಂಡಿ ದಿನದ ಕ್ಯಾಲೊರಿಯಲ್ಲಿ ಶೇಕಡಾ 10 ದಾಟಬಾರದು ಅಂತ ಪಶುವೈದ್ಯರು ಹೇಳ್ತಾರೆ. ಗುಂಡ 18 ಕೆಜಿ, ಅವನಿಗೆ ದಿನಕ್ಕೆ ಸುಮಾರು 950 ಕ್ಯಾಲೊರಿ ಬೇಕು, ಅಂದ್ರೆ ತಿಂಡಿಗೆ 95. ಒಂದು ದೊಡ್ಡ ಚಮಚ ಪೀನಟ್ ಬಟರಿನಲ್ಲೇ ಅಷ್ಟಿರುತ್ತೆ. 8 ಕೆಜಿಯ ಪಗ್ಗಿಗೆ ಐವತ್ತರ ಆಸುಪಾಸು. ಪಿಂಕಿಗೆ ಆಂಟಿ ದಿನಕ್ಕೆ ಆರು ಹಾಕ್ತಾರಂತೆ, ಬೆಲ್ಲ ತುಪ್ಪ ಸಮೇತ. ಪಿಂಕಿ ಮೆಟ್ಟಿಲು ಹತ್ತೋದು ಬಿಟ್ಟು ಬಹಳ ದಿನ ಆಯ್ತು. ಅದಕ್ಕೆ ವಯಸ್ಸಾಯ್ತು ಅಂತ ಆಂಟಿ ಹೇಳ್ತಾರೆ. ಪಿಂಕಿಗೆ ನಾಲ್ಕು ವರ್ಷ.

ನಿನ್ನೆ ಮೇಲಿನಿಂದ ಮತ್ತೊಂದು ಡಬ್ಬಿ ಬಂದಿದೆ. ಈ ಸಲ ರಿಬ್ಬನ್ನಿನ ಜೊತೆ ಒಂದು ಚೀಟಿ: "ಗುಂಡನಿಗೆ. ದ್ರಾಕ್ಷಿ ಹಾಕಿಲ್ಲ." ಏನು ಹಾಕಿದ್ದಾರೆ ಅಂತ ಬರೆದಿಲ್ಲ. ಡಬ್ಬಿ ಫ್ರಿಜ್ಜಿನ ಮೇಲಿದೆ, ಗುಂಡ ಅದರ ಕೆಳಗೆ ಕೂತಿದ್ದಾನೆ. ಸಂಜೆ ಮೇಲೆ ಹೋಗಿ ಕೇಳಬೇಕು, ಪಿಂಕಿ ವಿಷಯಾನೂ ಎತ್ತಬೇಕು.