ಒಂದೇ ಪಂದ್ಯದ ಋತು

ಕಾಲೇಜು ತಂಡವೊಂದರ ಆಟದ ಋತು ಎಂದೊಡನೆ ವಾಚಕರ ಕಣ್ಮುಂದೆ ತಿಂಗಳುಗಟ್ಟಲೆ ನಡೆಯುವ ಪಂದ್ಯಗಳು, ಸೋಲು ಗೆಲುವುಗಳ ಏರಿಳಿತ ಸುಳಿದಾವು. ಸಿದ್ದಾಪುರದಲ್ಲಿ ಬಸ್ಸು ಹತ್ತಿ ಗಂಗಾವತಿಗೋ ಕಾರಟಗಿಗೋ ಪದವಿ ಓದಲು ಹೋಗುವ ಹುಡುಗನ ಪಾಲಿಗೆ ಆ ಭಾಗ್ಯವಿಲ್ಲ. ಅಂತರ ಕಾಲೇಜು ಕಾಲ್ಚೆಂಡಿನ ಪಂದ್ಯಾವಳಿ ಸಾಮಾನ್ಯವಾಗಿ ನಾಕೌಟ್, ಸೋತವರು ಹೊರಗೆ. ಬೆಳಿಗ್ಗೆ ಕಣಕ್ಕಿಳಿದ ತಂಡ ಊಟದ ಹೊತ್ತಿಗೆ ಬಸ್ ನಿಲ್ದಾಣದಲ್ಲಿರುತ್ತದೆ. ವರ್ಷದ ಆಟ ಮುಗಿಯಿತು! ಪ್ರತಿ ವರ್ಷವೂ ಮೊದಲ ಸುತ್ತಿನಲ್ಲೇ ಸೋತರೆ, ಪದವಿಯ 3 ವರ್ಷಗಳಲ್ಲಿ ಆತ ಆಡುವುದು 3 ಪಂದ್ಯ, ಬಹಳವೆಂದರೆ 270 ನಿಮಿಷ. ಇದಕ್ಕೆ ಕ್ರೀಡಾ ಶಿಕ್ಷಣವೆಂಬ ದೊಡ್ಡ ಹೆಸರು ಬೇರೆ.

ಲೆಕ್ಕ ಸರಳವಾಗಿದೆ. 16 ತಂಡಗಳ ನಾಕೌಟಿನಲ್ಲಿ ನಡೆಯುವುದು ಒಟ್ಟು 15 ಪಂದ್ಯ. 8 ತಂಡಗಳು ಒಂದೇ ಪಂದ್ಯವಾಡಿ ಊರ ದಾರಿ ಹಿಡಿಯುತ್ತವೆ. ಯಾರಿಗೆ ಅಭ್ಯಾಸ ಎಲ್ಲರಿಗಿಂತ ಹೆಚ್ಚು ಬೇಕೋ ಅವರನ್ನೇ ಎಲ್ಲರಿಗಿಂತ ಮೊದಲು ಅಟ್ಟುವ ಏರ್ಪಾಡು ಇದು. ಭತ್ತದ ನಾಡಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ: ಸಸಿಮಡಿಯಲ್ಲಿ ಮೊದಲ ದಿನ ಬಾಗಿದ ಸಸಿಯನ್ನೆಲ್ಲ ಕಿತ್ತೆಸೆದರೆ ನಾಟಿಗೆ ಏನುಳಿದೀತು? ಮೇಲಿನ ಹಂತದ ವಲಯ ಪಂದ್ಯಾವಳಿಗಳಲ್ಲಿ ಕೊನೆಗುಳಿದ ನಾಲ್ಕು ತಂಡಗಳಿಗೆ ಲೀಗ್ ಇರುತ್ತದೆ. ಉಂಡವರಿಗೇ ಮತ್ತೊಮ್ಮೆ ಎಲೆ ಹಾಕುವ ನ್ಯಾಯ.

'ಹಳ್ಳಿಯ ಹುಡುಗರಿಗೆ ಕಬಡ್ಡಿ, ಖೊಖೊ ಸಾಲದೇ? ಕಾಲ್ಚೆಂಡು ಬೆಂಗಳೂರಿನವರ ಆಟ' ಎನ್ನುವ ಪಂಡಿತರಿದ್ದಾರೆ. ಬೆಂಗಳೂರಿಗೆ ಅದು ಹೇಗೆ ಒಲಿಯಿತೆಂದು ಅವರು ಕೇಳಿಕೊಂಡಂತಿಲ್ಲ. 1948ರ ಜುಲೈ 31ರಂದು ಲಂಡನ್ ಒಲಿಂಪಿಕ್ಸ್‌ನಲ್ಲಿ ಭಾರತದ ತಂಡ, ಬಹುಮಂದಿ ಬರಿಗಾಲಲ್ಲೇ, ಫ್ರಾನ್ಸನ್ನು ಎದುರಿಸಿತು. ಬೆಂಗಳೂರಿನ ಸಾರಂಗಪಾಣಿ ರಾಮನ್ ಗೋಲು ಹೊಡೆದರು. ಎರಡು ಪೆನಾಲ್ಟಿಗಳು ವ್ಯರ್ಥವಾಗಿ ತಂಡ 1-2ರಿಂದ ಸೋತಿತು. ಸಮುದ್ರ ದಾಟಿ ಹೋದದ್ದು ಆ ಒಂದೇ ಒಲಿಂಪಿಕ್ ಪಂದ್ಯಕ್ಕೆ. ಆದರೆ ಅಲ್ಲಿ ಸೋತವರಿಗೆ ಊರಿನಲ್ಲಿ ಆಟ ಮುಗಿದಿರಲಿಲ್ಲ. ಬೆಂಗಳೂರಿನ ಲೀಗ್ ಇತ್ತು, 1898ರಿಂದ ನಡೆದು ಬಂದ ಕಲಕತ್ತೆಯ ಲೀಗ್ ಇತ್ತು. ಇಂದು ಸೋತವನು ಬರುವ ವಾರ ಮತ್ತೆ ಆಡುತ್ತಿದ್ದ. ಹಲಸೂರಿನ ಗೌತಮಪುರ, ಆಸ್ಟಿನ್ ಟೌನುಗಳ ಗಲ್ಲಿಯ ಹುಡುಗರು ಬೆಳೆದದ್ದು ಹಾಗೆ. 1946-47ರಲ್ಲೂ 1952-53ರಲ್ಲೂ ಮೈಸೂರು ಸಂತೋಷ್ ಟ್ರೋಫಿ ಗೆದ್ದುದು ಆಕಸ್ಮಿಕವಲ್ಲ. 1968-69ರ ಬಳಿಕ ಅದೇ ಟ್ರೋಫಿಗೆ ನಾಡು 54 ವರ್ಷ ಕಾದು, 2023ರ ಮಾರ್ಚ್‌ನಲ್ಲಿ ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಿಂದ ಮಣಿಸಿ ಪಡೆಯಿತು. ಇಷ್ಟು ದೀರ್ಘಕಾಲ ಒಂದೇ ನಗರದ ಗಲ್ಲಿಗಳನ್ನು ನೆಚ್ಚಿಕೊಂಡ ನಾಡು, ತುಂಗಭದ್ರೆಯ ಎಡದಂಡೆಯಲ್ಲೂ ಹುಡುಗರಿದ್ದಾರೆಂಬುದನ್ನು ಮರೆತೇಬಿಟ್ಟಿತ್ತು.

ಹಣವೆಲ್ಲಿದೆ ಎಂಬ ಆಕ್ಷೇಪ ಬರುತ್ತದೆ. ನಾಕೌಟ್ ಅಗ್ಗ, ಎರಡು ದಿನದಲ್ಲಿ ಮುಗಿಯುತ್ತದೆ, ನಿಜ. ಆಡಿಸದೇ ಇದ್ದರೆ ಇನ್ನೂ ಅಗ್ಗ! ನಮ್ಮ ಕಾಲೇಜುಗಳು ಕಲಬುರಗಿಗೆ, 2010ರ ಬಳಿಕ ಬಳ್ಳಾರಿಗೆ ಸೇರಿದ್ದಾಗ ದೂರದ ನೆಪ ಕೊಂಚವಾದರೂ ಸಲ್ಲುತ್ತಿತ್ತು. ಕೊಪ್ಪಳ ಜಿಲ್ಲೆಗೇ ವಿಶ್ವವಿದ್ಯಾಲಯ ಕೊಟ್ಟ ಮೇಲೆ ಆ ನೆಪವೂ ಇಲ್ಲ. ಕೊಪ್ಪಳ, ಗಂಗಾವತಿ, ಕಾರಟಗಿ, ಕುಷ್ಟಗಿ, ಯಲಬುರ್ಗಾ, ಕನಕಗಿರಿ: ಊರಿಗೊಂದರಂತೆ 6 ತಂಡ ಕಟ್ಟಿ, ಒಮ್ಮೆ ತಮ್ಮೂರಲ್ಲಿ ಒಮ್ಮೆ ಎದುರಾಳಿಯ ಊರಲ್ಲಿ ಆಡಿಸಿದರೆ ಪ್ರತಿ ತಂಡಕ್ಕೆ 10 ಪಂದ್ಯ, ಎಲ್ಲ ಸೇರಿ 30. ಬೆಳಿಗ್ಗೆ ಹೊರಟು ಸಂಜೆಗೆ ಮರಳುವ ದಾರಿ, ವಸತಿಯ ಖರ್ಚಿಲ್ಲ. ಪರೀಕ್ಷೆಯ ತೊಡಕೆನ್ನುವವರು ಭಾನುವಾರಗಳನ್ನು ಎಣಿಸಿ ನೋಡಲಿ.

'ಕುಣಿಯಲಾರದವಳಿಗೆ ನೆಲ ಡೊಂಕು' ಎಂದು ನಗುವವರು ನಗಲಿ. ಈ ಹುಡುಗರು ನೆಲ ಡೊಂಕೆಂದು ದೂರುತ್ತಿಲ್ಲ; ಕಲ್ಲುಮಣ್ಣಿನ ಬಯಲಲ್ಲೂ ಆಡುತ್ತಾರೆ. ಎರಡನೆಯ ಸಲ ಆ ಬಯಲಿಗೆ ಕರೆಯಿರಿ ಎನ್ನುತ್ತಾರೆ, ಅಷ್ಟೇ. ಪ್ರವೇಶದ ದಿನ ವಿದ್ಯಾರ್ಥಿಯಿಂದ ಕ್ರೀಡಾ ಶುಲ್ಕವನ್ನು ಇಡೀ ವರ್ಷಕ್ಕೆಂದೇ ಎಣಿಸಿ ತೆಗೆದುಕೊಳ್ಳಲಾಗುತ್ತದೆ. ಆ ವರ್ಷದಲ್ಲಿ ಎಷ್ಟು ಪಂದ್ಯಗಳಿವೆಯೆಂದು ರಸೀದಿಯ ಮೇಲೆ ಬರೆದು ಕೊಡಲಿ. ಹಣ ಕಟ್ಟುವ ತಂದೆತಾಯಿಗಳೂ ಓದಿಕೊಳ್ಳುತ್ತಾರೆ.