ಸಂಸಾರ ಗುಟ್ಟು, ವ್ಯಾಧಿ ರಟ್ಟು

‘ಸಂಸಾರ ಗುಟ್ಟು, ವ್ಯಾಧಿ ರಟ್ಟು’ ಎಂಬ ಗಾದೆಯನ್ನು ಕೇಳದವರಿಲ್ಲ. ಮನೆಯ ಮಾತು ಮನೆಯೊಳಗಿರಲಿ, ಕಾಯಿಲೆಯನ್ನು ಮಾತ್ರ ಮುಚ್ಚಿಡಬೇಡಿ ಎಂಬುದು ಹಿರಿಯರ ಹಿತವಚನ. ಆದರೆ ಎಲ್ಲ ಗುಟ್ಟುಗಳೂ ಒಂದೇ ಬಗೆಯವಲ್ಲ. ಸಾಲವನ್ನೋ ಅತ್ತೆ-ಸೊಸೆಯರ ಜಗಳವನ್ನೋ ಮುಚ್ಚಿಟ್ಟರೆ ಮನೆಯ ಮಾನ ಉಳಿದೀತು. ಒಬ್ಬರ ಹುಟ್ಟನ್ನು ಮುಚ್ಚಿಟ್ಟರೆ ಅದರ ಭಾರವನ್ನು ಹೊರುವವರು ಯಾರು?

ಈ ಪ್ರಶ್ನೆ ಹೊಸದಲ್ಲ. ಗುಟ್ಟನ್ನು ಕಾಪಾಡಿದವಳು ಕುಂತಿ; ಸೂತಪುತ್ರನೆಂಬ ಹೀಯಾಳಿಕೆಯನ್ನು ಉಂಡವನು ಕರ್ಣ. ಇಂದು ನಮ್ಮ ತೆಲಂಗಾಣದಲ್ಲಿರುವ ವೇಮುಲವಾಡದಲ್ಲಿ, ಅರಿಕೇಸರಿಯ ಆಶ್ರಯದಲ್ಲಿ, 10ನೇ ಶತಮಾನದಲ್ಲಿ ಪಂಪನು ಭಾರತದ ಕಥೆಯನ್ನು ಕನ್ನಡದಲ್ಲಿ ಬರೆದನು. ತನ್ನ ದೊರೆಯನ್ನು ಅರ್ಜುನನಿಗೆ ಹೋಲಿಸಿಯೂ ಆತನು ಕರ್ಣನಿಗೆ ಕಾವ್ಯದಲ್ಲಿ ದೊಡ್ಡ ಸ್ಥಾನವನ್ನೇ ಕೊಟ್ಟನು.

ಚಲನಚಿತ್ರಗಳು ಅದೇ ಪ್ರಶ್ನೆಯನ್ನು ಮತ್ತೆ ಎತ್ತಿಕೊಂಡವು. ಎಂ. ಕೆ. ಇಂದಿರಾ ಅವರ ಕಾದಂಬರಿಯನ್ನಾಧರಿಸಿ ಪುಟ್ಟಣ್ಣ ಕಣಗಾಲರು 1969ರಲ್ಲಿ ‘ಗೆಜ್ಜೆಪೂಜೆ’ ತೆಗೆದರು. ಮದುವೆಯಾಗಿ ಎಲ್ಲರಂತೆ ಬಾಳಬೇಕೆಂದು ಆಸೆಪಟ್ಟ ಚಂದ್ರಾಳಿಗೆ ಅವಳ ಹುಟ್ಟೇ ಅಡ್ಡವಾಗುತ್ತದೆ. ತ್ರಿವೇಣಿಯವರ ಕಾದಂಬರಿಯಿಂದ ಬಂದ ‘ಶರಪಂಜರ’ದಲ್ಲಿ (1971) ಹೆರಿಗೆಯ ನಂತರ ಕಾವೇರಿ ಮನೋವ್ಯಾಧಿಗೆ ತುತ್ತಾಗುತ್ತಾಳೆ, ಮದುವೆಗೆ ಮುಂಚಿನ ಒಂದು ಘಟನೆ ಬಯಲಾಗುತ್ತದೆ. ಆಸ್ಪತ್ರೆ ಅವಳನ್ನು ಗುಣಪಡಿಸುತ್ತದೆ, ಮನೆ ಅವಳನ್ನು ಒಪ್ಪುವುದಿಲ್ಲ. ಎಸ್. ಎಲ್. ಭೈರಪ್ಪನವರ ಕಾದಂಬರಿಯನ್ನು ಬಿ. ವಿ. ಕಾರಂತ ಮತ್ತು ಗಿರೀಶ ಕಾರ್ನಾಡರು ತೆರೆಗೆ ತಂದ ‘ವಂಶವೃಕ್ಷ’ದಲ್ಲಿ (1971) ವಂಶದ ಶುದ್ಧಿಯನ್ನೇ ನಂಬಿ ಬದುಕಿದ ಶ್ರೀನಿವಾಸ ಶ್ರೋತ್ರಿಗಳಿಗೆ ತಾವು ಆ ವಂಶದ ರಕ್ತದವರಲ್ಲವೆಂದು ಮುಪ್ಪಿನಲ್ಲಿ ತಿಳಿಯುತ್ತದೆ.

ಎರಡು ಭಾಷೆ ಬಲ್ಲ ನಮ್ಮ ಕಂಗ್ಟಿ ಭಾಗದವರಿಗೆ ಇನ್ನೊಂದು ಮಾತು. ಈ ಮೂರೂ ತೆಲುಗಿನಲ್ಲಿಯೂ ಬಂದಿವೆ: ‘ಕಲ್ಯಾಣ ಮಂಟಪಂ’ (1971), ‘ಕೃಷ್ಣವೇಣಿ’ (1974), ಬಾಪು ಅವರ ‘ವಂಶವೃಕ್ಷಂ’ (1980). ಮನೆಯ ಗುಟ್ಟಿಗೆ ಭಾಷೆಯ ಗಡಿಯಿಲ್ಲ.

ಮೂರು ಕಥೆಗಳಲ್ಲಿಯೂ ಒಂದು ಅಂಶ ಸಮಾನವಾಗಿದೆ. ಚಂದ್ರಾ ತನ್ನ ಹುಟ್ಟನ್ನು ಆರಿಸಿಕೊಂಡವಳಲ್ಲ. ಕಾವೇರಿ ಕಾಯಿಲೆಯನ್ನು ಬೇಡಿದವಳಲ್ಲ. ಶ್ರೋತ್ರಿಗಳ ತಪ್ಪೂ ಇಲ್ಲ. ವ್ಯತ್ಯಾಸವೆಂದರೆ, ಹೆಣ್ಣುಮಕ್ಕಳಿಬ್ಬರಿಗೆ ಸಮಾಜವೇ ಶಿಕ್ಷೆ ಕೊಟ್ಟಿತು. ಶ್ರೋತ್ರಿಗಳು ಸತ್ಯ ತಿಳಿದ ಮೇಲೆ ತಮ್ಮದಲ್ಲದ ಆಸ್ತಿಯನ್ನು ತಾವಾಗಿಯೇ ತ್ಯಜಿಸಿದರು. ಗುಟ್ಟು ಯಾವಾಗ ರಟ್ಟಾಯಿತು ಎಂಬುದಕ್ಕಿಂತ, ರಟ್ಟಾದ ಮರುದಿನ ಜನ ಹೇಗೆ ನಡೆದುಕೊಂಡರು ಎಂಬುದೇ ಮುಖ್ಯ. ಇಂದಿನ ಅನೇಕ ಧಾರಾವಾಹಿಗಳು ಒಂದೇ ಗುಟ್ಟನ್ನು ತಿಂಗಳುಗಟ್ಟಲೆ ಎಳೆಯುತ್ತವೆ. ಆ ಮರುದಿನವನ್ನು ಮಾತ್ರ ತೋರಿಸುವುದಿಲ್ಲ. ಅಂಥವು ಕುತೂಹಲವನ್ನು ಬೆಳೆಸುತ್ತವೆಯೇ ಹೊರತು ಕರುಣೆಯನ್ನು ಬೆಳೆಸುವುದಿಲ್ಲ.

ಪೋಷಕರಲ್ಲಿ ಒಂದು ವಿನಂತಿ. ದತ್ತು ಬಂದ ಮಗುವಿರಲಿ, ತಂದೆ ಅಥವಾ ತಾಯಿಯ ಎರಡನೆಯ ಮದುವೆಯ ವಿಷಯವಿರಲಿ, ತಿಳಿಯುವ ವಯಸ್ಸಿಗೆ ಬಂದ ಮಕ್ಕಳಿಗೆ ನೀವೇ ಹೇಳಿರಿ. ನೀವು ಮಡಿಲಲ್ಲಿ ಕೂರಿಸಿಕೊಂಡು ಹೇಳಿದರೆ ಅದು ಮಾತು. ಬೀದಿಯಲ್ಲಿ ಇನ್ನೊಬ್ಬರು ಹೇಳಿದರೆ ಅದು ಕಲ್ಲು.

ವಿದ್ಯಾರ್ಥಿಗಳೇ, ಜಗಳದಲ್ಲಿ ಸೋಲುವಾಗ ಎದುರಾಳಿಯ ತಂದೆತಾಯಿಯರ ಸುದ್ದಿ ಎತ್ತುವುದು ಸುಲಭ. ಅವಿವಾಹಿತ ತಾಯಿಯು ತಂದೆಯ ಹೆಸರು ಹೇಳದೆಯೇ ತನ್ನ ಮಗುವಿಗೆ ಪಾಲಕಳಾಗಬಹುದೆಂದು ಸರ್ವೋಚ್ಚ ನ್ಯಾಯಾಲಯವು 2015ರಲ್ಲಿ ತೀರ್ಪಿತ್ತಿದೆ. ನ್ಯಾಯಾಲಯವೇ ಕೇಳಬೇಡವೆಂದ ಪ್ರಶ್ನೆಯನ್ನು ಆಟದ ಬಯಲಿನಲ್ಲಿ ನಾವು ಕೇಳುವುದು ತರವೇ?

ಮುಂದೆ ಇಂಥ ಚಿತ್ರ ನೋಡುವಾಗ ‘ಗುಟ್ಟೇನು?’ ಎಂದಷ್ಟೇ ಕೇಳಬೇಡಿರಿ. ‘ನಾನು ಅಲ್ಲಿದ್ದರೆ ಯಾರ ಪಕ್ಕದಲ್ಲಿ ನಿಲ್ಲುತ್ತಿದ್ದೆ?’ ಎಂದೂ ಕೇಳಿಕೊಳ್ಳಿರಿ.